ಹಳೆಯ ಡೆಸ್ಕ್‌ಟಾಪ್‌ನ ಭಾಗಗಳು ಹೊಸದಕ್ಕೆ ಹೊಂದುತ್ತವೆಯೇ?

ಪ್ರಶ್ನೆ: 2013ರಲ್ಲಿ ಕೊಂಡ ನನ್ನ ಡೆಸ್ಕ್‌ಟಾಪ್ ತೀರಾ ನಿಧಾನವಾಗಿದೆ. ಬಿಡಿಭಾಗಗಳನ್ನು ತರಿಸಿ ಹೊಸದನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಹಳೆಯದರ ರ್‍ಯಾಮ್, ಹಾರ್ಡ್ ಡಿಸ್ಕ್, ಪವರ್ ಸಪ್ಲೈಗಳನ್ನು ಅದರಲ್ಲಿ ಬಳಸಬಹುದೇ?

ಉತ್ತರ: ರ್‍ಯಾಮ್ ಉಪಯೋಗಕ್ಕೆ ಬರುವುದಿಲ್ಲ. ಆ ಕಾಲದ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಡಿಡಿಆರ್3 ಎಂಬ ಪೀಳಿಗೆಯ ರ್‍ಯಾಮ್. ಈಗಿನ ಮದರ್‌ಬೋರ್ಡ್‌ಗಳಿಗೆ ಡಿಡಿಆರ್4 ಅಥವಾ ಡಿಡಿಆರ್5 ಬೇಕು; ಒಂದೊಂದು ಪೀಳಿಗೆಯಲ್ಲೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಹಳೆಯದು ಹೊಸ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಬಲವಂತವಾಗಿ ಒತ್ತಲು ಹೋಗಬೇಡಿ. ಹಾರ್ಡ್ ಡಿಸ್ಕ್ ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಬಗೆಯ ಸಂಪರ್ಕ) ಮಾದರಿಯದಾಗಿದ್ದರೆ ಕಡತಗಳ ಸಂಗ್ರಹಕ್ಕೆ ಇಟ್ಟುಕೊಳ್ಳಬಹುದು, ಆದರೆ ಅದರ ವಯಸ್ಸನ್ನು ನೋಡಿದರೆ ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಆಪರೇಟಿಂಗ್ ಸಿಸ್ಟಂ ಮಾತ್ರ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಗಳಿಲ್ಲದ, ವೇಗದ ಸಂಗ್ರಹ ಸಾಧನ) ಇರಲಿ. ವೇಗದ ವ್ಯತ್ಯಾಸ ನಿಮಗೆ ಎದ್ದು ಕಾಣುವುದು ಅಲ್ಲಿಯೇ.

ಪವರ್ ಸಪ್ಲೈ ವಿಷಯದಲ್ಲಿ ಜಿಪುಣತನ ಬೇಡ. ಅದರೊಳಗಿನ ಕೆಪಾಸಿಟರ್‌ಗಳು ವರ್ಷಗಳು ಉರುಳಿದಂತೆ ಶಕ್ತಿಗುಂದುತ್ತವೆ, ಮತ್ತು ಅದು ಕೆಡುವಾಗ ಹೊಸ ಮದರ್‌ಬೋರ್ಡನ್ನೂ ಜೊತೆಗೆ ಕೆಡಿಸುವ ಸಾಧ್ಯತೆಯಿದೆ. ಪ್ರೊಸೆಸರ್ ಆರಿಸುವಾಗ ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ ಹೊಂದುತ್ತದೆಯೇ ಎಂಬುದನ್ನು ಮೊದಲು ನೋಡಿ; ರ್‍ಯಾಮ್ ಆಯ್ಕೆಗೂ ಅದು ಮುಖ್ಯ: ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ5 ಸಾಕೆಟ್‌ನವು ಡಿಡಿಆರ್5 ಅನ್ನು ಮಾತ್ರ ಒಪ್ಪುತ್ತವೆ. ಮಾನಿಟರ್, ಕೀಬೋರ್ಡ್, ಮೌಸ್‌ಗಳನ್ನು ಧಾರಾಳವಾಗಿ ಉಳಿಸಿಕೊಳ್ಳಿ. ಮಾನಿಟರ್‌ನಲ್ಲಿ ವಿಜಿಎ ಎಂಬ ಹಳೆಯ ಬಗೆಯ ಕಿಂಡಿ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕಾಗಬಹುದು.