ಕವಾಟದ ರಿಪೋರ್ಟ್‌ನಲ್ಲಿ ‘ಮೀಸೊಥೀಲಿಯಲ್’: ಇದು ಕ್ಯಾನ್ಸರೇ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಹೃದಯದ ಕವಾಟ ಬದಲಿಸಿದ್ದಾರೆ. ತೆಗೆದ ಕವಾಟದ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಮೀಸೊಥೀಲಿಯಲ್ ಮಾನೊಸಿಟಿಕ್ ಇನ್ಸಿಡೆಂಟಲ್ ಕಾರ್ಡಿಯಾಕ್ ಎಕ್ಸ್‌ಕ್ರೆಸೆನ್ಸ್’ ಎಂದಿದೆ. ಇದು ಮೀಸೊಥೀಲಿಯೋಮಾ ಕ್ಯಾನ್ಸರ್ ಎಂದು ಬಂಧುವೊಬ್ಬರು ಹೆದರಿಸಿದ್ದಾರೆ. ಮೊದಲು ಮಾಡಿದ ಎಕೊದಲ್ಲಿ ಗಡ್ಡೆ ಇರಲಿಲ್ಲ. ಪೆಟ್ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಬೇಡ. ಇದು ಕ್ಯಾನ್ಸರ್ ಅಲ್ಲ, ಇದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಹೆಸರುಗಳು ಒಂದೇ ಥರ ಕೇಳಿಸುವುದರಿಂದ ಗಾಬರಿಯಾಗಿದೆ, ಅಷ್ಟೇ. ಮೀಸೊಥೀಲಿಯಲ್ ಕೋಶಗಳು ಹೃದಯದ ಹೊರಚೀಲದ ಒಳಪದರದಲ್ಲಿ ಎಲ್ಲರಿಗೂ ಇರುವಂಥವು.

ರೋಗಶಾಸ್ತ್ರಜ್ಞರು ಇದನ್ನು ಚುಟುಕಾಗಿ ‘ಮೈಸ್’ ಎನ್ನುತ್ತಾರೆ. ಈ ಹೆಸರು ಬಂದದ್ದು 1994ರಲ್ಲಿ. ಸಾಮಾನ್ಯವಾಗಿ ಕೆಲವೇ ಮಿಲಿಮೀಟರಿನ ಉಂಡೆ. ಅದರಲ್ಲಿ ಹೆಚ್ಚಿನವು ಹಿಸ್ಟಿಯೊಸೈಟ್ ಎಂಬ ರಕ್ಷಣಾ ಕೋಶಗಳು. ನಡುನಡುವೆ ಮೀಸೊಥೀಲಿಯಲ್ ಕೋಶಗಳ ಎಳೆಗಳು. ಎಲ್ಲವನ್ನೂ ಹಿಡಿದಿಟ್ಟ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಎಳೆಗಳು. ತನ್ನದೇ ರಕ್ತನಾಳವಾಗಲಿ, ಆಧಾರ ಅಂಗಾಂಶವಾಗಲಿ ಇದಕ್ಕಿರುವುದಿಲ್ಲ. ಎಷ್ಟೋ ಸಲ ಕವಾಟಕ್ಕೆ ಅಂಟಿಕೊಳ್ಳದೆ ಪಕ್ಕದಲ್ಲಿ ಬಿಡಿಯಾಗಿ ಬಿದ್ದಿರುತ್ತದೆ. ಆಪರೇಷನ್ ವೇಳೆ ರಕ್ತ ಹೀರುವ ಸಕ್ಷನ್ ನಳಿಕೆ ಹೊರಚೀಲದ ಕೋಶಗಳನ್ನೂ ಎಳೆದುಕೊಂಡು, ಅವು ಫೈಬ್ರಿನ್ ಜೊತೆ ಗಂಟುಕಟ್ಟುತ್ತವೆ ಎಂಬುದು ಒಂದು ಪ್ರಬಲ ವಿವರಣೆ. ಹಾಗೆ ಆಗಿದ್ದರೆ ಎಕೊದಲ್ಲಿ ಕಾಣದಿದ್ದುದು ಸಹಜವೇ. ಆದರೆ ಎಲ್ಲ ಪ್ರಕರಣಗಳಿಗೂ ಇದು ಹೊಂದುವುದಿಲ್ಲ. ಕೆಲವು ಆಪರೇಷನ್‌ಗೆ ಮೊದಲೇ ದೇಹದ ಪ್ರತಿಕ್ರಿಯೆಯಾಗಿ ಅಲ್ಲಿ ಬೆಳೆದಿದ್ದವು.

ರೋಗ ಗುರುತಿಸುವುದು ತಪ್ಪುವುದೆಲ್ಲಿ? ಮೀಸೊಥೀಲಿಯಲ್ ಎಳೆಗಳು ಗ್ರಂಥಿಯ ಕೊಳವೆಗಳಂತೆ ಕಾಣುತ್ತವೆ. ಬೇರೆಲ್ಲಿಂದಲೋ ಹರಡಿದ ಅಡಿನೊಕಾರ್ಸಿನೋಮಾ (ಗ್ರಂಥಿಕೋಶಗಳ ಕ್ಯಾನ್ಸರ್) ಎಂಬ ಅನುಮಾನ ಬರಲು ಅಷ್ಟು ಸಾಕು. ಆಮೇಲೆ ಕೆರಾಟಿನ್ ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಒಂದನ್ನೇ ಹಾಕಿ ನೋಡಿದರೆ ಅದೂ ಪಾಸಿಟಿವ್ ಬರುತ್ತದೆ, ಅನುಮಾನ ಗಟ್ಟಿಯಾಗುತ್ತದೆ. ದೊಡ್ಡ ಅಪಾಯ ಇದೇ. ಈ ಕೋಶಗಳಿಗೆ ಕೆರಾಟಿನ್ ಸಹಜ ಗುಣ. ಅದರೊಂದಿಗೆ ಮೀಸೊಥೀಲಿಯಲ್ ಕೋಶಗಳನ್ನು ತೋರಿಸುವ ಕ್ಯಾಲ್‌ರೆಟಿನಿನ್ ಬಣ್ಣ ಹಾಕಿದರೆ ಎಳೆಗಳು ಬಣ್ಣ ಹಿಡಿಯುತ್ತವೆ. ಸಿಡಿ68 ಅಥವಾ ಸಿಡಿ163 ಬಣ್ಣ ಹಾಕಿದರೆ ಸುತ್ತಲ ರಾಶಿ ಹಿಸ್ಟಿಯೊಸೈಟ್ ಎಂದು ಬಯಲಾಗುತ್ತದೆ. ಕಾರ್ಸಿನೋಮಾ ಹಿಡಿಯುವ ಕ್ಲಾಡಿನ್-4ನಂಥ ಬಣ್ಣಗಳು ನೆಗೆಟಿವ್ ಇರಬೇಕು. ಆಪರೇಷನ್ ನಡುವೆಯೇ ಫ್ರೋಜನ್ ಸೆಕ್ಷನ್‌ನಲ್ಲಿ (ಹೆಪ್ಪುಗಟ್ಟಿಸಿ ತಕ್ಷಣ ನೋಡುವ ತೆಳು ಚೂರಿನಲ್ಲಿ) ಇದು ಕಂಡರೆ ಈ ಬಣ್ಣಗಳ ನೆರವು ಇರುವುದಿಲ್ಲ. ಆಗ ‘ಕ್ಯಾನ್ಸರ್’ ಎಂದು ಬರೆಯದೆ ಪ್ಯಾರಾಫಿನ್ ಸೆಕ್ಷನ್‌ಗೆ (ಮೇಣದಲ್ಲಿ ಹುದುಗಿಸಿ ಕತ್ತರಿಸುವ ಚೂರಿಗೆ) ಕಾಯುವುದೇ ಸರಿ.

ನಿಮ್ಮ ರಿಪೋರ್ಟ್‌ನಲ್ಲಿ ಮೂರು ಸಂಗತಿ ನೋಡಿ: ಕೋಶಗಳಲ್ಲಿ ವಿಕಾರ ಇಲ್ಲ, ಕವಾಟದೊಳಗೆ ನುಗ್ಗಿಲ್ಲ, ಮೇಲಿನ ಬಣ್ಣಗಳ ಫಲಿತಾಂಶ ಹೊಂದುತ್ತದೆ. ಮೂರೂ ಇದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಬಣ್ಣಗಳ ಉಲ್ಲೇಖವೇ ಇಲ್ಲದಿದ್ದರೆ, ಅಥವಾ ಅಪ್ಪನಿಗೆ ಹಿಂದೆ ಕ್ಯಾನ್ಸರ್ ಆಗಿದ್ದರೆ, ಸ್ಲೈಡ್ ಜೊತೆ ಪ್ಯಾರಾಫಿನ್ ಬ್ಲಾಕನ್ನೂ (ಅಂಗಾಂಶ ಹುದುಗಿಸಿದ ಮೇಣದ ತುಂಡು) ಪಡೆದು ಹೃದಯದ ಮಾದರಿಗಳನ್ನು ನೋಡಿ ಅನುಭವವಿರುವ ಪೆಥಾಲಜಿಸ್ಟ್‌ಗೆ ತೋರಿಸಿ. ಬರೀ ಸ್ಲೈಡ್ ಒಯ್ದರೆ ಹೊಸ ಬಣ್ಣ ಹಾಕಲಾಗದು.

ಪ್ರಶ್ನೆ: ನನ್ನ ಅಕ್ಕನ ಕವಾಟದಲ್ಲಿ ‘ಪ್ಯಾಪಿಲ್ಲರಿ ಫೈಬ್ರೊಇಲಾಸ್ಟೋಮಾ’ ಸಿಕ್ಕಿದೆ. ಅದೂ ಮೈಸ್‌ನ ಜಾತಿಯೇ?

ಉತ್ತರ: ಅಲ್ಲ. ಅದೂ ಕ್ಯಾನ್ಸರ್ ಅಲ್ಲ, ಆದರೆ ನಿಜವಾಗಿ ಕವಾಟದಿಂದಲೇ ಬೆಳೆದದ್ದು. ನೀರಿನಲ್ಲಿಟ್ಟರೆ ಕುಚ್ಚಿನಂತೆ ಹರಡಿಕೊಳ್ಳುತ್ತದೆ. ಹೃದಯದ ಎಡಭಾಗದಲ್ಲಿದ್ದರೆ ಅದರ ತುಣುಕೋ ಅದಕ್ಕಂಟಿದ ಹೆಪ್ಪೋ ಕಿತ್ತು ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಹೀಗಾಗಿ ಅದನ್ನು ತೆಗೆದದ್ದು ಒಳ್ಳೆಯದಾಯಿತು. ಮುಂದೆ ಎಕೊ ಯಾವಾಗ ಎಂದು ಅವರ ಹೃದಯತಜ್ಞರನ್ನು ಕೇಳಿ.