ಕೋಡಿಬಾಗದ ಸೈಟು: ಮುಂಗಡಕ್ಕೆ ಮುನ್ನ

"ಇನ್ನಿಬ್ಬರು ಕಾದಿದ್ದಾರೆ, ಇಂದೇ ಮುಂಗಡ ಕೊಡಿ" ಎನ್ನುತ್ತಿರುವ ದಲ್ಲಾಳಿಗೆ ಹಣ ಕೊಡಲೇ ಎಂದು ಕೇಳಿದ್ದೀರಿ. ಬೇಡ. ಕಾರವಾರದ ಕೋಡಿಬಾಗದ ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಳಿ ನದಿ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಉಪ್ಪುನೀರು ಏರುವ ನದಿದಂಡೆಯೂ ತಪ್ಪಿಸಿಕೊಂಡಿಲ್ಲ. ಸೈಟು ಸಿಕ್ಕಿ ಮನೆ ಕಟ್ಟಲಾಗದಿದ್ದರೆ ತೆಂಗಿನ ಸಸಿ ನೆಡಬೇಕಷ್ಟೆ! ಸರ್ವೆ ನಂಬರ್ ಹಿಡಿದು ವಲಯದ ನಕ್ಷೆಯಲ್ಲಿ ಜಾಗವನ್ನು ಗುರುತಿಸಿಕೊಳ್ಳಿ.

ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಇ-ಖಾತೆ, 30 ವರ್ಷಗಳ ಋಣಭಾರ ಪ್ರಮಾಣಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ದಲ್ಲಾಳಿ ಹೇಳಿದವರಿಗಲ್ಲ. ಹಿರಿಯರ ಆಸ್ತಿಯಾದರೆ ಮುಂಬೈ, ಗೋವಾದಲ್ಲಿರುವ ವಾರಸುದಾರರ ಸಹಿಯೂ ಬೇಕು. ನಾನು ಒಬ್ಬ ತಂಗಿಯ ಸಹಿಗಾಗಿ ಎರಡು ವರ್ಷ ಅಲೆದಿದ್ದೇನೆ. ಆಗುವುದಾದರೆ ಜುಲೈ ಮಳೆಯಲ್ಲೊಮ್ಮೆ ಜಾಗ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ಸೈಟುಗಳೂ ಒಣಗಿಯೇ ಇರುತ್ತವೆ.