ಪಂಪ್ ಒತ್ತಿದ ಕೂಡಲೇ ಕೆಮ್ಮು ಬಂದರೆ

ಪ್ರಶ್ನೆ: ನನಗೆ 58 ವರ್ಷ. ಉಬ್ಬಸಕ್ಕೆ ದಿನಕ್ಕೆರಡು ಸಲ ಪಂಪ್ (ಇನ್‌ಹೇಲರ್) ತೆಗೆದುಕೊಳ್ಳುತ್ತೇನೆ. ಒತ್ತಿದ ತಕ್ಷಣ ಕೆಮ್ಮು ಒತ್ತರಿಸಿ ಬರುತ್ತದೆ. ಮದ್ದು ಒಗ್ಗುತ್ತಿಲ್ಲ, ಬಿಟ್ಟುಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ಬಿಡಲೇ?
- ಓದುಗರೊಬ್ಬರು, ಡೊಂಬಿವಲಿ

ಬಿಡಬೇಡಿ. ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ. ಬರೆಯುವ ಹೊತ್ತಿಗೆ ಎಷ್ಟೋ ಜನ ಪಂಪ್ ಬಿಟ್ಟೇ ಬಿಟ್ಟಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹೆಚ್ಚಿನ ಸಲ ತಪ್ಪು ಮದ್ದಿನದಲ್ಲ, ತೆಗೆದುಕೊಳ್ಳುವ ರೀತಿಯದು. ಸ್ಪ್ರೇ ತಣ್ಣಗೆ, ರಭಸವಾಗಿ ಬರುತ್ತದೆ. ಮೊದಲು ಒತ್ತಿ ಆಮೇಲೆ ಉಸಿರೆಳೆದರೆ ಅದು ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ. ಕೆಮ್ಮದೆ ಇನ್ನೇನು? ಕನ್ನಡಿ ಮುಂದೆ ನಿಂತು ಒತ್ತಿ ನೋಡಿ. ತುಟಿಯ ಸಂದಿಯಿಂದ ಬಿಳಿ ಹೊಗೆ ಹೊರಬಂತೇ? ಹಾಗೆ ಹೋಗಿದ್ದು ನಿಮ್ಮ ಮದ್ದು.

ಸ್ಪೇಸರ್ ಕೊಳ್ಳಿ, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಅದಿಲ್ಲದೆ ಸ್ಪ್ರೇ ಪಂಪ್ ಬರೆದುಕೊಡಲು ನನಗೆ ಮನಸ್ಸೇ ಬರುವುದಿಲ್ಲ. ಪಂಪ್ ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿ ಮಾಡಿ, ಒಂದೇ ಸಲ ಒತ್ತಿ. ನಾಲ್ಕೈದು ಸೆಕೆಂಡ್ ನಿಧಾನವಾಗಿ ಒಳಗೆಳೆದು, 10 ಸೆಕೆಂಡ್ ಉಸಿರು ಹಿಡಿಯಿರಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಡಿ. ಗಡಿಬಿಡಿಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಬೇಡಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿ. ಸ್ಟಿರಾಯ್ಡ್ ಪಂಪ್ ಆದರೆ ಇದನ್ನು ತಪ್ಪಿಸಲೇಬಾರದು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಕಟ್ಟುತ್ತದೆ, ಸ್ವರ ಒಡೆಯುತ್ತದೆ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಮದ್ದೆಲ್ಲ ಅದರ ಗೋಡೆಗೇ ಅಂಟುತ್ತದೆ.

ನಿಮ್ಮದು ಕ್ಯಾಪ್ಸೂಲ್ ಹಾಕುವ ಪಂಪ್ ಆದರೆ ಇದಕ್ಕೆ ಉಲ್ಟಾ: ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಅದರಲ್ಲಿರುವ ಲ್ಯಾಕ್ಟೋಸ್ ಪುಡಿಯೇ ಕೆಲವರಿಗೆ ಗಂಟಲು ಕೆರೆಯುತ್ತದೆ. ಮೊದಲು ಒಂದು ಗುಟುಕು ನೀರು ಕುಡಿಯಿರಿ. ಮುಂಬೈ ಕಡೆಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ, ಆದ್ದರಿಂದ ಕ್ಯಾಪ್ಸೂಲನ್ನು ಮೊದಲೇ ತೆಗೆದಿಡಬೇಡಿ. ಇಷ್ಟಾದರೂ ಕೆಮ್ಮು ನಿಲ್ಲದಿದ್ದರೆ ಸ್ಪ್ರೇಗೆ ಬದಲಿಸಿಕೊಡಿ ಎಂದು ಡಾಕ್ಟರನ್ನು ಕೇಳಿ.

ಆದರೆ ಪಂಪ್ ಒತ್ತಿದ ಬೆನ್ನಿಗೇ ಎದೆ ಬಿಗಿದು ಸುಯ್‌ಗುಟ್ಟಿದರೆ ಅದು ಗಂಟಲ ಕೆಮ್ಮಲ್ಲ. ಆ ಪಂಪನ್ನು ಮತ್ತೆ ಒತ್ತದೆ ನೇರ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು. ದಿನವಿಡೀ ಒಣಕೆಮ್ಮು ಇದ್ದು, ಬಿಪಿಗೆ ರಾಮಿಪ್ರಿಲ್ ಅಥವಾ ಎನಲಾಪ್ರಿಲ್ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆ ಮಾತ್ರೆಯಿಂದಲೂ ಕೆಮ್ಮು ಬರುತ್ತದೆ.

ಪ್ರಶ್ನೆ: ಪಂಪ್ ಚಟ ಹತ್ತುತ್ತದೆಯೇ? (ಮಾಟುಂಗ)

ಇಲ್ಲ. ಬಿಟ್ಟಾಗ ಮರಳಿ ಬರುವುದು ಉಬ್ಬಸ.

ಪ್ರಶ್ನೆ: ಸ್ಟೇಷನ್ ಹೊರಗೆ ಸಿಗುವ ಪುಡಿಯಲ್ಲಿ ಎರಡೇ ದಿನಕ್ಕೆ ದಮ್ಮು ಇಳಿಯಿತು. ಮುಂದುವರಿಸಲೇ? (ಮುಲುಂಡ್)

ಬೇಡವೇ ಬೇಡ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಪಂಪಿನಲ್ಲಿರುವ ಮೈಕ್ರೋಗ್ರಾಂ ಲೆಕ್ಕದ ಸ್ಟಿರಾಯ್ಡಿಗೆ ಹೆದರುವವರು ಅಳತೆಯೇ ಇಲ್ಲದ ಸ್ಟಿರಾಯ್ಡ್ ನುಂಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ತುಂಬಾ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕಬಹುದೇ? (ಸಯಾನ್)

ಮನೆಯಲ್ಲಿ ಉಬ್ಬಸದವರಿದ್ದರೆ ಖಂಡಿತ ಬೇಡ.